ಗೋಡೆಗೆ ಬಂದ ಧಾರೆ ಸೀರೆ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ನಮ್ಮ ಮನೆಯಲ್ಲಿ ನನಗೆ ಅಂತ ಇರುವುದು 10 ಅಡಿ ಉದ್ದ, 8 ಅಡಿ ಅಗಲದ ಒಂದು ಕೋಣೆ. ಅದೂ ಪೂರ್ತಿ ನನ್ನದಲ್ಲ. ಅರ್ಧ ಅಜ್ಜಿಯ ಮಂಚಕ್ಕೆ, ಕಾಲು ಭಾಗ ಶೇಂಗಾ ಚೀಲಗಳಿಗೆ. ಉಳಿದ ಜಾಗದಲ್ಲಿ ನಾನು, ನನ್ನ ಬಿಇ ಪುಸ್ತಕಗಳು. ಗೋಡೆಯ ಸುಣ್ಣ ಚಕ್ಕೆ ಎದ್ದಿತ್ತು. ವಿಡಿಯೊ ಕಾಲ್‌ನಲ್ಲಿ ಗೆಳತಿಯರಿಗೆ ಕಾಣಬಾರದೆಂದು ಹಿಂದೆ ದುಪ್ಪಟ್ಟಾ ನೇತುಹಾಕುತ್ತಿದ್ದೆ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಈ ಗೋಡೆಗೊಂದು ಗತಿ ಕಾಣಿಸಬೇಕು ಅನ್ನಿಸಿತು. ವಾಲ್‌ಪೇಪರ್, ರೆಡಿಮೇಡ್ ಸ್ಟೆನ್ಸಿಲ್‌ಗಳ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ.

ಅದೇ ವಾರ ಅಮ್ಮ ಟ್ರಂಕಿನಿಂದ ತನ್ನ ಧಾರೆ ಸೀರೆ ಹೊರತೆಗೆದಳು. ಮೊಳಕಾಲ್ಮುರು ರೇಷ್ಮೆ, ಅಂಚಿನಲ್ಲಿ ಮಾವಿನಕಾಯಿ ಸಾಲು. ಮಡಿಕೆಯಲ್ಲೇ ಹರಿದಿತ್ತು. ಹಳೇ ಜರಿ ಸೀರೆ ಕೊಳ್ಳುವವನು ನಾಳೆ ಬರುತ್ತೇನೆಂದು ಹೇಳಿ ಹೋಗಿದ್ದನಂತೆ. ‘ಉಡೋಕಂತೂ ಬರಲ್ಲ. ನಿನ್ನ ಪರೀಕ್ಷೆ ಫೀಸಿಗಾದ್ರೂ ಆಗ್ಲಿ ಬಿಡು’ ಅಂದಳು. ನನಗೆ ಮಾತು ಹೊರಡಲಿಲ್ಲ.

ಅಂದು ರಾತ್ರಿ ಅಂಚಿನ ಮೇಲೆ ಬಟರ್ ಪೇಪರ್ ಇಟ್ಟು ಮಾವಿನಕಾಯಿ ನಕಲು ಮಾಡಿಕೊಂಡೆ. ಚೌಕ ಹಾಕಿ 8 ಇಂಚಿಗೆ ದೊಡ್ಡದು ಮಾಡಿದೆ. ಅಜ್ಜಿಯ ಮೊಣಕಾಲಿನ ಹಳೇ ಎಕ್ಸ್‌ರೇ ಹಾಳೆಯೇ ಸ್ಟೆನ್ಸಿಲ್ ಆಯಿತು. ಅದು ನೆನೆಯುವುದಿಲ್ಲ, ಬ್ಲೇಡಿಗೆ ಸಲೀಸು. ಮೊದಲ ಸಲ ಕತ್ತರಿಸಿದಾಗ ನಡುವಿನ ಎಸಳೆಲ್ಲ ಉದುರಿಹೋಯಿತು. ಒಳಚಿತ್ರ ನಿಲ್ಲಬೇಕಾದರೆ ಅಲ್ಲಲ್ಲಿ ಸಣ್ಣ ಪಟ್ಟಿ ಉಳಿಸಬೇಕು. ಅದಕ್ಕೆ ‘ಬ್ರಿಡ್ಜ್’ ಅನ್ನುತ್ತಾರೆ. ಸಿವಿಲ್ ಓದುವ ನಾನು ಕಟ್ಟಿದ ಮೊದಲ ಸೇತುವೆ ಅದೇ!

‘ಸುಣ್ಣದ ಚಕ್ಕೆ ಮೇಲೆ ಬಣ್ಣ ನಿಲ್ಲಲ್ಲ ಕಣಮ್ಮ’ ಎಂದು ಎಚ್ಚರಿಸಿದ ಅಪ್ಪನೇ ಗೋಡೆ ಕೆರೆಯಲು ಬಂದರು. ಎಮರಿ ಪೇಪರ್ ಉಜ್ಜಿ, ಪ್ರೈಮರ್ ಬಳಿದು, ನಾಲ್ಕೂ ಗೋಡೆಗೆ ತಿಳಿ ಕೆನೆಬಣ್ಣದ ಡಿಸ್ಟೆಂಪರ್ ಹೊಡೆದೆವು. ಚಿಕ್ಕ ಕೋಣೆಗೆ ತಿಳಿ ಬಣ್ಣವೇ ಲೇಸು, ಬೆಳಕು ಹೆಚ್ಚಿ ಜಾಗ ದೊಡ್ಡದಾಗಿ ಕಾಣುತ್ತದೆ. ಚಿತ್ತಾರ ಒಂದೇ ಗೋಡೆಗೆ ಸಾಕು. ನಾಲ್ಕಕ್ಕೂ ಹಾಕಿದರೆ ಕೋಣೆ ಕಿಕ್ಕಿರಿದಂತಾಗುತ್ತದೆ. ಯಾವ ಬಣ್ಣ ಎಂದು ಯೋಚಿಸುವಾಗ ಅಜ್ಜಿ, ‘ಹಬ್ಬಕ್ಕೆ ಸುಣ್ಣದ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಬಳೀತಿದ್ವಿ’ ಅಂದಳು. ಕೆಮ್ಮಣ್ಣಿನ ಬಣ್ಣದ ಎಮಲ್ಷನ್‌ನ ಚಿಕ್ಕ ಡಬ್ಬಿ ತಂದೆ.

ಗೋಡೆ 120 ಇಂಚು, ಮಾವಿನಕಾಯಿ 8 ಇಂಚು. ಸರಿಯಾಗಿ 15 ಕೂರುತ್ತವೆ, ಮೂಲೆಯಲ್ಲಿ ಅರ್ಧ ಉಳಿಯುವುದಿಲ್ಲ. ದಾರ ಎಳೆದು ಗೆರೆ ಹಾಕಿಕೊಂಡೆ. ಮೊದಲನೆಯದರಲ್ಲಿ ಬಣ್ಣ ಹಾಳೆಯ ಅಡಿಗೆ ಇಳಿದು ಕಲೆಯಾಯಿತು. ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸ್ಪಂಜಿನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟಿರಬೇಕು. ಹಳೇ ಪೇಪರ್ ಮೇಲೆ ಒತ್ತಿ, ಆಮೇಲೆ ಗೋಡೆಗೆ ತಟ್ಟಬೇಕು, ಎಳೆಯಬಾರದು.

ಅಷ್ಟರಲ್ಲಿ ಸೀರೆ ಹೋಗಿತ್ತು. ಫೀಸೂ ಕಟ್ಟಿಯಾಗಿತ್ತು. ಕೆಲಸ ಮುಗಿದ ಸಂಜೆ ಅಮ್ಮ ಬಂದು ಒಂದೊಂದೇ ಮಾವಿನಕಾಯಿಯ ಮೇಲೆ ಬೆರಳಾಡಿಸಿದಳು. ‘ನನ್ನ ಸೀರೆಗಿಂತ ಇದೇ ದಪ್ಪ ಆಯ್ತು’ ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ವಿಡಿಯೊ ಕಾಲ್‌ಗೆ ದುಪ್ಪಟ್ಟಾ ಬೇಡ. ಡಿಸೈನ್ ಎಲ್ಲಿಂದ ತಗೊಂಡೆ ಎಂದು ಗೆಳತಿಯರು ಕೇಳಿದರೆ, ‘ಅಮ್ಮನ ಮದುವೆಯಿಂದ’ ಅನ್ನುತ್ತೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥದ್ದೊಂದು ಅಂಚು ಇರಬಹುದು. ಮಾರುವ ಮೊದಲು ಅದರ ಮೇಲೊಂದು ಹಾಳೆ ಇಟ್ಟು ನಕಲು ಮಾಡಿಕೊಳ್ಳಿ.