ಹೂಮಳೆಯ ಲೆಕ್ಕ: ಅತ್ತಿಗುಂಡಿಯಿಂದ ಕಂಡ ಸರ್ಕಾರಿ ಅಂಕಿ-ಅಂಶಗಳು

ಚಿಕ್ಕಮಗಳೂರಿನಿಂದ ಕೈಮರದ ಮಾರ್ಗವಾಗಿ ಬಾಬಾಬುಡನ್‌ಗಿರಿಗೆ ಹೋಗುವವರು ಅತ್ತಿಗುಂಡಿಯನ್ನು ಹಾದುಹೋಗುತ್ತಾರೆ. ಈ ಬೆಟ್ಟಸಾಲಿನ ಕಾಫಿ ಬೆಳೆಗಾರನ ವರ್ಷಫಲವು ಬೇಸಗೆಯ ಹೂಮಳೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ಸುಮಾರು ಒಂದು ಇಂಚು ಮಳೆ ಸಕಾಲಕ್ಕೆ ಬಂದರೆ ಅರೇಬಿಕಾ ಗಿಡದ ಮೊಗ್ಗು ಅರಳುತ್ತದೆ. ಕೆಲವು ವಾರಗಳ ತರುವಾಯ ಮತ್ತೊಂದು ಮಳೆ ಬಿದ್ದರೆ ಕಾಯಿ ನಿಲ್ಲುತ್ತದೆ. ಅರೆಮಳೆಯಾದರೆ ಹೂವು ಸರಿಯಾಗಿ ಬಿರಿಯದೆ ಕೆಡುತ್ತದೆ. ಆದಕಾರಣ ಎಸ್ಟೇಟುಗಳಲ್ಲಿ ಮಳೆಮಾಪಕವನ್ನಿಟ್ಟು ಇಂಚು-ಸೆಂಟುಗಳಲ್ಲಿ ದಿನದ ಮಳೆಯನ್ನು ಬರೆದಿಡುವ ರೂಢಿ ಬಹುಕಾಲದಿಂದ ಇದೆ. ಈ ತಿಂಗಳುಗಳಲ್ಲಿ ಇಬ್ಬರು ಬೆಳೆಗಾರರು ಭೇಟಿಯಾದರೆ, ಕ್ಷೇಮಸಮಾಚಾರಕ್ಕಿಂತ ಮೊದಲು 'ನಿಮ್ಮಲ್ಲಿ ಎಷ್ಟು ಸೆಂಟು?' ಎಂಬ ಪ್ರಶ್ನೆ ಬರುವುದು ಮಲೆನಾಡಿನವರಿಗೆ ಹೊಸತಲ್ಲ.

ಈ ಪ್ರಶ್ನೆಗೆ ಜಿಲ್ಲೆಯ ಸರಾಸರಿಯು ಉತ್ತರವಾಗಲಾರದು. ಒಂದೇ ಜಿಲ್ಲೆಯೊಳಗೆ ಕಡೂರಿನ ಮೈದಾನದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ, ಶೃಂಗೇರಿಯಲ್ಲಿ 3,500 ಮಿಲಿಮೀಟರಿಗೂ ಮಿಗಿಲು. ಇವೆರಡನ್ನು ಕೂಡಿಸಿ ಭಾಗಿಸಿದಾಗ ದೊರೆಯುವ ಸಂಖ್ಯೆಯು ಗಣಿತದ ದೃಷ್ಟಿಯಿಂದ ನಿರ್ದುಷ್ಟವಾದರೂ, ಅಂತಹ ಮಳೆ ಕಡೂರಿನಲ್ಲೂ ಬೀಳುವುದಿಲ್ಲ, ಶೃಂಗೇರಿಯಲ್ಲೂ ಬೀಳುವುದಿಲ್ಲ. ಬೇಸಗೆಯ ಮಳೆಯಂತೂ ಗುಡುಗಿನ ಮಳೆ; ಬೆಟ್ಟದ ಒಂದು ಮಗ್ಗುಲನ್ನು ತೋಯಿಸಿ ಇನ್ನೊಂದನ್ನು ಒಣಗಿಸಿಬಿಡುವುದು ಅದರ ಸ್ವಭಾವ.

2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ ಕೊನೆಯದು, ಅಂಕಿ-ಅಂಶಗಳನ್ನು ಆದಾಯ, ಲಿಂಗ, ವಯಸ್ಸುಗಳಂತೆಯೇ ಸ್ಥಳವಾರಾಗಿಯೂ ವಿಂಗಡಿಸಿ ಒದಗಿಸಬೇಕೆಂದು ಕೇಳುತ್ತದೆ. ಇದು ಕೇವಲ ಪಂಡಿತರ ಬೇಡಿಕೆಯೆಂದು ಭಾವಿಸಕೂಡದು. ಮೆಣಸು ಮತ್ತು ಅಡಿಕೆಗೆ ಜಾರಿಯಲ್ಲಿರುವ ಹವಾಮಾನಾಧಾರಿತ ವಿಮೆಯಲ್ಲಿ ಪರಿಹಾರವು ನಿರ್ಣಯವಾಗುವುದು ತೋಟದಲ್ಲಿ ಉದುರಿದ ಫಸಲನ್ನು ಕಂಡಲ್ಲ, ಗ್ರಾಮ ಪಂಚಾಯಿತಿಯ ಮಾಪಕವು ದಾಖಲಿಸಿದ ಅಂಕಿಯನ್ನು ಕಂಡು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ನೆಟ್ಟಿರುವುದು ಶ್ಲಾಘನೀಯವೇ ಸರಿ. ಆದರೆ ಮಾಪಕವು ಕಣಿವೆಯಲ್ಲಿದ್ದು ತೋಟವು ನೆತ್ತಿಯಲ್ಲಿದ್ದರೆ, ಅಥವಾ ಯಂತ್ರವು ಕೆಟ್ಟು ನಿಂತಿದ್ದರೆ, ಬೆಳೆಗಾರನ ಹಣವೇ ಹೋಗುತ್ತದೆ. ಆಗ ಅವನು ವಾದಿಸಬೇಕಾದರೆ ಆ ಮಾಪಕದ ದಿನವಾರು ದಾಖಲೆಯು, ಓದಿ ಕೂಡಿಸಬಲ್ಲ ಕೋಷ್ಟಕರೂಪದಲ್ಲಿ, ಶುಲ್ಕವಿಲ್ಲದೆ ಅವನ ಕೈಸೇರುವಂತಿರಬೇಕು. ಮುಕ್ತ ದತ್ತಾಂಶವೆಂಬ ಮಾತಿನ ಅರ್ಥ ಇಷ್ಟೇ. ಭಾರತ ಸರ್ಕಾರವು 2012ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು.

ಫಸಲಿನ ಅಂದಾಜನ್ನು ಕಾಫಿ ಮಂಡಳಿಯು ಹೂವಿನ ನಂತರ ಒಮ್ಮೆ, ಮುಂಗಾರಿನ ನಂತರ ಒಮ್ಮೆ ಪ್ರಕಟಿಸುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸ ಬಂದರೆ ಅದು ಲೆಕ್ಕದ ದೋಷವೆನ್ನುವವರುಂಟು. ವಾಸ್ತವವಾಗಿ, ನಡುವೆ ಸುರಿದ ಅತಿವೃಷ್ಟಿಯ ಕಥೆಯನ್ನು ಆ ವ್ಯತ್ಯಾಸವೇ ಹೇಳುತ್ತದೆ. ಆದುದರಿಂದ ಹಳೆಯ ಅಂದಾಜುಗಳನ್ನೂ ಅಳಿಸದೆ ಉಳಿಸಬೇಕು.

ಹಾಗೆಂದು ಎಲ್ಲವೂ ಬಯಲಾಗಬೇಕೆಂದಲ್ಲ. 2023ರ ಐರೋಪ್ಯ ಒಕ್ಕೂಟದ ನಿಯಮವೊಂದು, 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಸೇರಿಸುವುದಿಲ್ಲ. ಬೆಳೆದ ನೆಲದ ಅಕ್ಷಾಂಶ-ರೇಖಾಂಶಗಳನ್ನು ಕೇಳುತ್ತದೆ. ಅದರ ಜಾರಿ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲ್ಪಟ್ಟಿದೆ. ಎರಡೆಕರೆಯ ಹಿಡುವಳಿದಾರನ ಜಮೀನಿನ ಗುರುತು ಖರೀದಿದಾರನ ತಪಾಸಣೆಗೆ ಬೇಕಾಗಬಹುದು, ಊರಿಗೆಲ್ಲ ಬೇಕಾಗಿಲ್ಲ. ವ್ಯಕ್ತಿಗೆ ಸಂಬಂಧಿಸಿದ ವಿವರವು ಗೋಪ್ಯವಾಗಿರಬೇಕೆಂಬುದು ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗವು 1994ರಲ್ಲಿ ಅಂಗೀಕರಿಸಿದ ಮೂಲತತ್ತ್ವಗಳಲ್ಲೊಂದು. ಮಳೆಗೆ ಗೋಪ್ಯವಿಲ್ಲ, ಮನೆಗೆ ಉಂಟು.

ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವೊಂದಿದೆ. ಮಾಲೀಕರ ಒಪ್ಪಿಗೆ ಪಡೆದು ಎಸ್ಟೇಟುಗಳ ಹಳೆಯ ಮಳೆ ಪುಸ್ತಕಗಳನ್ನು ನಕಲು ಮಾಡಿ, ಇಂಚುಗಳನ್ನು 25.4ರಿಂದ ಗುಣಿಸಿ, ಹತ್ತಿರದ ಸರ್ಕಾರಿ ಮಾಪಕದ ಅಂಕಿಗಳ ಪಕ್ಕದಲ್ಲಿಡಬಹುದು. ಮಾಪಕವನ್ನು ಯಾವ ವರ್ಷ ಅಂಗಳದಿಂದ ಕಣಕ್ಕೆ ಸ್ಥಳಾಂತರಿಸಿದರೆಂಬುದನ್ನು ರೈಟರನ್ನು ಕೇಳಿ ಬರೆದುಕೊಳ್ಳುವುದನ್ನು ಮಾತ್ರ ಮರೆಯಬಾರದು.