ಪರದೆಯ ನೆರೆಯವರು, ಪಂಕ್ತಿಯ ನೆರೆಯವರು: ಏಷ್ಯಾದ ಯುವಜನರ ಅಂತರ್‌ಸಾಂಸ್ಕೃತಿಕ ಅನುಭವ

ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ಅಂತರ್ಜಾಲಕ್ಕೆ ಹೋಲಿಸಿ ಬೋಧಿಸುವುದು ಈಚೆಗೆ ನಮ್ಮ ಸಭೆಗಳಲ್ಲಿ ವಾಡಿಕೆಯಾಗುತ್ತಿದೆ. ಪಾರ್ಥ್ಯರೂ ಮೇದ್ಯರೂ ಏಲಾಮ್ಯರೂ ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದಂತೆಯೇ, ಇಂದು ಸಿಯೋಲ್‌ನ ಹಾಡನ್ನು ಇಂಫಾಲದ ಹುಡುಗಿಯೂ ಜಕಾರ್ತದ ಹುಡುಗನೂ ಅರ್ಥ ತಿಳಿದು ಕೇಳುತ್ತಾರೆ ಎಂಬುದು ಆ ಹೋಲಿಕೆಯ ಸಾರ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಲೂಕನ ಕಥನವು ಎರಡನೆಯ ಅಧ್ಯಾಯದಲ್ಲಿ ನಿಲ್ಲುವುದಿಲ್ಲ. ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಯೆರೂಸಲೇಮಿನ ಸಭೆಯಲ್ಲಿ ಭಾಷಾಭೇದದ ಗೆರೆಯ ಮೇಲೆಯೇ ಗುಣುಗುಟ್ಟುವಿಕೆ ಏಳುತ್ತದೆ. ಏಷ್ಯಾದ ಯುವಜನರ ಡಿಜಿಟಲ್ ಅನುಭವವನ್ನು ಈ ಎರಡು ಅಧ್ಯಾಯಗಳ ನಡುವೆ ಇಟ್ಟು ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ಮಣಿಪುರವನ್ನು ತೆಗೆದುಕೊಳ್ಳೋಣ. 2000ರಲ್ಲಿ ಅಲ್ಲಿಯ ಸಶಸ್ತ್ರ ಸಂಘಟನೆಯೊಂದು ಹಿಂದಿ ಚಲನಚಿತ್ರಗಳ ಪ್ರದರ್ಶನವನ್ನು ನಿಷೇಧಿಸಿತು. ಹಾಗೆ ಉಂಟಾದ ತೆರವಿಗೆ ಕೇಬಲ್ ಮೂಲಕ ದಕ್ಷಿಣ ಕೊರಿಯದ ಅರಿರಂಗ್ ವಾಹಿನಿ ಬಂದಿತು. ಮ್ಯಾನ್ಮಾರ್ ಗಡಿಯಲ್ಲಿರುವ ಮೋರೆ ಪಟ್ಟಣದ ಮಾರ್ಗವಾಗಿ ಕೊರಿಯದ ಧಾರಾವಾಹಿಗಳ ನಕಲಿ ಸಿ.ಡಿ.ಗಳು ಬಂದವು. ಕೆಲವೇ ವರ್ಷಗಳಲ್ಲಿ ಇಂಫಾಲದ ಯುವಜನರ ಕೇಶವಿನ್ಯಾಸ, ಉಡುಪು, ಮಾತಿನ ನಡುವೆ ಇಣುಕುವ ಪದಗಳು ಸಹ ಕೊರಿಯದವಾದವು. ಇದನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕುವವರುಂಟು. ಭಾರತದ ಪರದೆಯ ಮೇಲೆ ಅಪರೂಪವಾಗಿದ್ದ ತಮ್ಮಂಥ ಮುಖವನ್ನು ಆ ಯುವಜನರು ಕೊರಿಯದ ಪರದೆಯ ಮೇಲೆ ಕಂಡರೆಂಬುದನ್ನು ಅಂಥವರು ಮರೆಯುತ್ತಾರೆ. ಹಿರಿಯರ ಮುಂದೆ ತಲೆಬಾಗುವ, ಒಟ್ಟಿಗೆ ಕುಳಿತು ಅನ್ನ ಉಣ್ಣುವ ಮನೆಗಳೂ ಅವರಿಗೆ ಅಪರಿಚಿತವಾಗಿರಲಿಲ್ಲ. ತನ್ನನ್ನು ಪರಕೀಯನೆಂದು ಕಾಣುವ ದೇಶದಲ್ಲಿರುವವನಿಗೆ ದೂರದ ಪರಕೀಯನು ಆಪ್ತನಾಗಿ ತೋರುವುದು ಸಹಜ.

2016ರ ಬಳಿಕ ಮೊಬೈಲ್ ಡೇಟಾದ ಬೆಲೆ ಕುಸಿದಾಗ ಈ ಒಲವು ದೇಶದ ಉಳಿದ ಭಾಗಗಳಿಗೂ ಹರಡಿತು. ಕನ್ನಡದ ಮನೆಗಳಲ್ಲಿ ಬೆಳೆದ ಮಕ್ಕಳು ಇಂದು ಬಿ.ಟಿ.ಎಸ್. ತಂಡದ ಏಳು ಮಂದಿಯ ಹೆಸರುಗಳನ್ನು ಹನ್ನೆರಡು ಮಂದಿ ಶಿಷ್ಯರ ಹೆಸರುಗಳಿಗಿಂತ ಬೇಗ ಹೇಳಬಲ್ಲರು. ಇದರ ಹಿಂದೆ ಕಂಪನಿಗಳ ಬಂಡವಾಳವಷ್ಟೇ ಇಲ್ಲ. ವಿಕಿ ಎಂಬ ತಾಣದಲ್ಲಿ ಕೊರಿಯದ ಧಾರಾವಾಹಿಗಳಿಗೆ ನಾನಾ ಭಾಷೆಗಳಲ್ಲಿ ಅಡಿಬರಹ ಬರೆದವರು ಬಹುಪಾಲು ಸ್ವಯಂಸೇವಕರೇ. ಸಂಬಳವಿಲ್ಲದೆ ರಾತ್ರಿಯೆಲ್ಲ ಕುಳಿತು ಪರಭಾಷೆಯ ಮಾತನ್ನು ತನ್ನವರಿಗೆ ತಲುಪಿಸುವ ಯುವಜನರನ್ನು ನೋಡುವಾಗ, ಸತ್ಯವೇದದ ಅನುವಾದಕರ ಪರಂಪರೆಯಲ್ಲಿ ಬಂದ ನಮಗೆ ಗೌರವವಲ್ಲದೆ ಬೇರೆ ಭಾವ ಹುಟ್ಟದು.

ಹಾಗಾದರೆ ತೊಡಕಿರುವುದೆಲ್ಲಿ? ನಾವು ಮೆಚ್ಚಿದ್ದನ್ನು ಹೋಲುವುದನ್ನೇ ಈ ಮಾಧ್ಯಮವು ಮತ್ತೆ ಮತ್ತೆ ನಮ್ಮ ಮುಂದೆ ಇಡುತ್ತದೆ. ಬೇಸರ ತರಿಸಿದ್ದನ್ನು ಮರೆಮಾಡುತ್ತದೆ. ಪರದೆಯ ಮೇಲಿನ ನೆರೆಯವನು ನಮ್ಮಿಂದ ಏನನ್ನೂ ಬೇಡುವುದಿಲ್ಲ. ಬಾಡಿಗೆಗೆ ಮನೆ ಕೇಳುವುದಿಲ್ಲ, ಅವನ ಅಡುಗೆಯ ವಾಸನೆ ನಮ್ಮ ಜಗಲಿಗೆ ಬರುವುದಿಲ್ಲ. ಬೇಡವೆನಿಸಿದರೆ ಬೆರಳಿನಿಂದ ಸರಿಸಿಬಿಡಬಹುದು. ಹೀಗೆ ದೊರೆತ ಪರಿಚಯವನ್ನು ನಮ್ಮ ಯುವಜನರು ಸಂಬಂಧವೆಂದು ತಿಳಿಯುತ್ತಾರೆ. ಹಿರಿಯರೂ ಹಾಗೆಯೇ ತಿಳಿಯುತ್ತಾರೆ ಎಂಬುದನ್ನು ಸೇರಿಸದಿದ್ದರೆ ಅನ್ಯಾಯವಾದೀತು.

ಕೊರಿಯದ ನಟರಂತೆ ಕೂದಲು ಕತ್ತರಿಸಿಕೊಂಡ ಈಶಾನ್ಯದ ಯುವಕನು ದಕ್ಷಿಣದ ಅಥವಾ ಉತ್ತರದ ಮಹಾನಗರಕ್ಕೆ ಓದಲು ಬಂದಾಗ ಏನಾಗುತ್ತದೆ? 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿಯೊಬ್ಬನ ಕೇಶವಿನ್ಯಾಸವನ್ನು ಕಂಡು ಕೆಲವರು ಗೇಲಿಮಾಡಿದರು. ಜಗಳ ಬೆಳೆದು ಅವನು ಏಟು ತಿಂದು ಮರಣಹೊಂದಿದನು. ನಮ್ಮ ಬೆಂಗಳೂರಿನ ಕಥೆ ಇನ್ನೊಂದು ಬಗೆಯದು. 2012ರಲ್ಲಿ ಅಸ್ಸಾಮಿನ ಕೊಕ್ರಾಝಾರ್ ಪ್ರದೇಶದಲ್ಲಿ ಹಿಂಸೆ ನಡೆದ ಬೆನ್ನಿಗೇ, ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆಯೆಂಬ ಸಂದೇಶಗಳು ಮೊಬೈಲ್‌ನಿಂದ ಮೊಬೈಲಿಗೆ ಹಾರಿದವು. ಬೇರೆ ದುರಂತಗಳ ಚಿತ್ರಗಳನ್ನು ತಿದ್ದಿ ಅಂತರ್ಜಾಲದಲ್ಲಿ ಹರಿಯಬಿಡಲಾಗಿತ್ತು. ಮೂರ್ನಾಲ್ಕು ದಿನಗಳಲ್ಲಿ ಸಾವಿರಾರು ವಿದ್ಯಾರ್ಥಿಗಳೂ ಕಾರ್ಮಿಕರೂ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಸಾಮೂಹಿಕ ಸಂದೇಶಗಳನ್ನು 5ಕ್ಕೆ ಮಿತಿಗೊಳಿಸಿ ಕೇಂದ್ರ ಸರ್ಕಾರವು ಆಜ್ಞೆ ಹೊರಡಿಸಬೇಕಾಯಿತು. ಭದ್ರತೆಯ ಭರವಸೆಗಳನ್ನು ಸರ್ಕಾರವು ಪುನಃ ಪುನಃ ನೀಡಿತು. ಆದರೂ ಜನ ಹೊರಟೇಹೋದರು. ಭರವಸೆಗೆ ಬೆಲೆ ಬರುವುದು ಅದನ್ನು ನೀಡುವ ಮುಖ ಪರಿಚಿತವಾಗಿದ್ದಾಗ. ಹೊರಟವರಲ್ಲಿ ಕ್ರೈಸ್ತ ವಿಶ್ವಾಸಿಗಳೂ ಇದ್ದರು. ಅದೇ ನಗರದಲ್ಲಿ ನಮ್ಮ ಸಭೆಗಳೂ ಇದ್ದವು. ಆ ರಾತ್ರಿ ಅವರಲ್ಲಿ ಒಬ್ಬರಿಗಾದರೂ ಕರೆಮಾಡಿ, ಹೋಗಬೇಡಿರಿ, ನಮ್ಮ ಮನೆಗೆ ಬನ್ನಿರಿ ಎನ್ನಲು ನಮ್ಮಲ್ಲಿ ಎಷ್ಟು ಮಂದಿಯ ಬಳಿ ಅವರ ದೂರವಾಣಿ ಸಂಖ್ಯೆ ಇತ್ತು?

ಇದಕ್ಕೆ ಎದುರಾದ ಸಾಕ್ಷಿಯೂ ಏಷ್ಯಾದಲ್ಲಿದೆ. 2020ರ ಏಪ್ರಿಲ್‌ನಲ್ಲಿ ಥಾಯ್ ನಟ ವಚಿರವಿತ್ ಚಿವಾರಿಯು ಹಾಂಗ್‌ಕಾಂಗನ್ನು ದೇಶವೆಂದು ಕರೆದ ಟ್ವಿಟರ್ ಬರಹವೊಂದನ್ನು ಮೆಚ್ಚಿದ್ದಕ್ಕೆ ಚೀನಾದ ರಾಷ್ಟ್ರವಾದಿಗಳು ಅವನ ಮೇಲೆ ಮುಗಿಬಿದ್ದರು. ಥಾಯ್ ಯುವಜನರ ಬೆಂಬಲಕ್ಕೆ ತೈವಾನ್ ಮತ್ತು ಹಾಂಗ್‌ಕಾಂಗ್‌ನವರು ನಿಂತರು. ಮೂರು ಕಡೆಯೂ ಹಾಲು ಬೆರೆಸಿದ ಚಹಾ ಕುಡಿಯುವುದರಿಂದ ಆ ಕೂಟಕ್ಕೆ ಹಾಲು ಚಹಾ ಮೈತ್ರಿ ಎಂಬ ಹೆಸರು ಬಿದ್ದಿತು. 2021ರ ಫೆಬ್ರವರಿಯ ಸೇನಾದಂಗೆಯ ಬಳಿಕ ಮ್ಯಾನ್ಮಾರ್‌ನ ಯುವಜನರೂ ಸೇರಿದರು. ಥಾಯ್ಲೆಂಡಿನ ಬೀದಿಗಳಲ್ಲಿ ಕಂಡಿದ್ದ ಮೂರು ಬೆರಳಿನ ವಂದನೆ ಯಾಂಗೂನ್‌ನಲ್ಲಿಯೂ ಕಂಡಿತು. ಪರದೆಯ ಸ್ನೇಹಕ್ಕೆ ಇಲ್ಲಿ ಬೆಲೆ ತೆರಬೇಕಾಯಿತು. ಅದಕ್ಕಾಗಿಯೇ ನಾವು ಅದನ್ನು ಹಗುರವಾಗಿ ಕಾಣಲಾರೆವು. ಆದರೆ ಅದೇ ಮ್ಯಾನ್ಮಾರ್‌ನಲ್ಲಿ ಕೆಲವೇ ವರ್ಷಗಳ ಹಿಂದೆ ಫೇಸ್‌ಬುಕ್ ರೋಹಿಂಗ್ಯಾ ಜನರ ಮೇಲಿನ ದ್ವೇಷವನ್ನು ಹರಡುವ ಸಾಧನವಾಗಿತ್ತು. ಅದನ್ನು ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು 2018ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. ದೂರದ ಬ್ಯಾಂಕಾಕಿನವರು ಮಿತ್ರರಾದರು; ಪಕ್ಕದ ರಖೈನ್ ಪ್ರಾಂತ್ಯದವರು ಮನುಷ್ಯರಾಗಿ ಕಾಣಲು ಹಲವರಿಗೆ ಆ ಸೇನಾದಂಗೆಯೇ ಆಗಬೇಕಾಯಿತು.

ಈಗ ಆರನೆಯ ಅಧ್ಯಾಯ. ದೈನಂದಿನ ಉಪಚಾರದಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ಇದಕ್ಕೆ ನಮ್ಮ ಭಾಷೆಯಲ್ಲಿ ಪಂಕ್ತಿಭೇದವೆಂಬ ನಿಖರವಾದ ಹೆಸರುಂಟು. ಪವಿತ್ರಾತ್ಮನ ವರದಿಂದ ಎಲ್ಲ ಭಾಷೆಗಳ ಮಾತನ್ನೂ ಕೇಳಿಸಿದ ಸಭೆಯೇ ಅನ್ನ ಬಡಿಸುವಾಗ ಒಂದು ಭಾಷೆಯವರನ್ನು ಮರೆತಿತು. ಅಪೊಸ್ತಲರು ಐಕ್ಯದ ಬಗ್ಗೆ ಇನ್ನೊಂದು ಪ್ರಸಂಗ ಮಾಡಲಿಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅವರಲ್ಲಿ ನಿಕೊಲಾಯನು ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಾವಲಂಬಿಯಾದವನು. ದೂರುಕೊಟ್ಟ ಗುಂಪಿನವರ ಕೈಗೇ ಬಡಿಸುವ ಕೆಲಸ ಹೋಯಿತೆಂದು ಹಲವು ವ್ಯಾಖ್ಯಾನಕಾರರು ಇದರಿಂದ ಊಹಿಸುತ್ತಾರೆ. ಆ ಊಹೆ ನಮಗೆ ಒಪ್ಪಿಗೆಯಾಗಿದೆ.

ಇಂದು ಬೆಂಗಳೂರಿನಲ್ಲಿ ಮಿಜೋ, ನಾಗಾ, ಕುಕಿ ಭಾಷೆಗಳಲ್ಲಿ ಆರಾಧಿಸುವ ಸಹವಾಸಗಳಿವೆ. ಹಬ್ಬಕ್ಕೆ ಅವರನ್ನು ಕರೆದು, ಸಾಂಪ್ರದಾಯಿಕ ಉಡುಪಿನಲ್ಲಿ ಒಂದು ಹಾಡು ಹಾಡಿಸಿ, ಅದರ ವಿಡಿಯೊವನ್ನು ಹಂಚಿಕೊಳ್ಳುವುದು ನಮಗೆ ರೂಢಿಯಾಗಿಬಿಡಬಹುದು. ಅದು ಎರಡನೆಯ ಅಧ್ಯಾಯದ ಸುಲಭವಾದ ಪ್ರತಿ. ಸಭೆಯ ಯುವಜನ ಸಮಿತಿಯಲ್ಲಿ ಅವರಲ್ಲೊಬ್ಬರಿಗೆ ಹಣದ ಲೆಕ್ಕವನ್ನೂ ಶಿಬಿರದ ಊಟದ ಪಟ್ಟಿಯನ್ನೂ ಒಪ್ಪಿಸುವುದಕ್ಕೆ ಯಾವ ಸಾಧನವೂ ಬೇಕಿಲ್ಲ. ಹಾಗೆ ಮಾಡಿದಲ್ಲಿ ಮೊದಲ ವರ್ಷ ಊಟದ ಬಗ್ಗೆ ಗುಣುಗುಟ್ಟುವವರು ನಮ್ಮವರೇ ಆಗಿರುವರು.