ಕೆಲಸದ ವೇಳೆಯ ಪಾದರಕ್ಷೆ: ಆಯ್ಕೆ, ವೆಚ್ಚ ಮತ್ತು ತೆರಿಗೆ

ಕಾರ್ಮಿಕರ ಪಾದರಕ್ಷೆಯು ನಮ್ಮ ಲೆಕ್ಕಪುಸ್ತಕಗಳಲ್ಲಿ ಸಾಮಾನ್ಯವಾಗಿ 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ ಅಡಗಿಹೋಗುವ ಬಾಬತ್ತು. ಅನೇಕ ಕಡೆ ಆ ಬಾಬತ್ತೇ ಇರುವುದಿಲ್ಲ. ಕಾರ್ಮಿಕರು ಮನೆಯಿಂದ ಮೆಟ್ಟಿ ಬಂದ ಹವಾಯಿ ಚಪ್ಪಲಿಯಲ್ಲಿಯೇ ದಿನವಿಡೀ ದುಡಿಯುತ್ತಾರೆ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳು, ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳು, ಹುಲಿಗಿಯ ದೇವಸ್ಥಾನದ ಸುತ್ತಲಿನ ಅಂಗಡಿ ಹಾಗೂ ಖಾನಾವಳಿಗಳು, ಇವೆಲ್ಲವುಗಳಲ್ಲಿ ಎಂಟು ಗಂಟೆ ನಿಂತೇ ಕೆಲಸ ಮಾಡುವವರು ಬಹಳ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ನಮ್ಮ ಭಾಗದಲ್ಲಿ ಗಾಳಿಯಾಡದ ಬೂಟು ಬೆವರನ್ನೂ ಚರ್ಮರೋಗವನ್ನೂ ತರುತ್ತದೆ; ಸವೆದ ಚಪ್ಪಲಿ ಜಾರಿ ಬೀಳಿಸುತ್ತದೆ. ಎರಡರ ನಷ್ಟವೂ ಕೊನೆಗೆ ಮಾಲೀಕನ ಲೆಕ್ಕಕ್ಕೇ ಸೇರುತ್ತದೆ.

ಕ್ಲಾಗ್ ಎಂದರೇನು?

ಹಿಂದಿನವರು ಮರದ ಹಾವುಗೆಯನ್ನು ಬಲ್ಲರು. ಐರೋಪ್ಯ ದೇಶಗಳಲ್ಲಿಯೂ ರೈತರು, ಕಾರ್ಮಿಕರು ಮುಂಭಾಗ ಮುಚ್ಚಿದ ಮರದ ಪಾದರಕ್ಷೆಯನ್ನು ಧರಿಸುತ್ತಿದ್ದರು, ಅದೇ ಕ್ಲಾಗ್. ಇಂದಿನ ಹಗುರವಾದ ಕ್ಲಾಗ್‌ಗಳು ಬಹುತೇಕ ಇ.ವಿ.ಎ. ಎಂಬ ನೊರೆ ರೂಪದ ಪ್ಲಾಸ್ಟಿಕ್‌ನಿಂದ ಆದವು. 2002ರಲ್ಲಿ ಅಮೆರಿಕದ ಕ್ರಾಕ್ಸ್ ಸಂಸ್ಥೆಯು ದೋಣಿಯಲ್ಲಿ ಧರಿಸಲೆಂದು ಈ ಬಗೆಯ ಕ್ಲಾಗನ್ನು ಮಾರುಕಟ್ಟೆಗೆ ತಂದಿತು. ನಂತರ ಅದು ಅಡುಗೆಮನೆ, ಆಸ್ಪತ್ರೆಗಳಿಗೂ ಹಬ್ಬಿತು. ಈ ವಸ್ತುವು ನೀರನ್ನು ಹೀರುವುದಿಲ್ಲ, ತೊಳೆಯಲು ಸುಲಭ, ಮೇಲ್ಭಾಗದ ರಂಧ್ರಗಳಿಂದ ಗಾಳಿಯಾಡುತ್ತದೆ. ಆದರೆ ಅದು ಬಿಸಿಗೆ ಕುಗ್ಗುತ್ತದೆ. ತೊಳೆದ ಕ್ಲಾಗನ್ನು ನಮ್ಮ ಬಿಸಿಲಿನಲ್ಲಿ ಒಣಹಾಕಿದರೆ ಅಳತೆಯೇ ಬದಲಾಗಬಹುದು, ನೆರಳಿನಲ್ಲಿ ಒಣಗಿಸತಕ್ಕದ್ದು.

ಎಲ್ಲಿ ಯಾವುದು ಯೋಗ್ಯ?

1. ಖಾನಾವಳಿ, ಸಿಹಿತಿಂಡಿ ತಯಾರಿಕೆ, ಅಂಗಡಿ: ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಯಂದು ಭಕ್ತರ ದಟ್ಟಣೆ ಹೆಚ್ಚಿದಂತೆ ನಿಂತು ಕೆಲಸ ಮಾಡುವ ಹೊತ್ತೂ ಹೆಚ್ಚುತ್ತದೆ. ಗಲ್ಲಾ ಹಾಗೂ ಮಾರಾಟದ ಕಟ್ಟೆಯಲ್ಲಿ ನಿಲ್ಲುವವರಿಗೆ ರಂಧ್ರವಿರುವ ಕ್ಲಾಗ್ ಸಾಕು. ಒಲೆಯ ಮುಂದೆ ಎಣ್ಣೆ, ಸಾರು ಚೆಲ್ಲುವಲ್ಲಿ ಮೇಲ್ಭಾಗದಲ್ಲಿ ರಂಧ್ರವಿಲ್ಲದ್ದೇ ಬೇಕು.

2. ಅಕ್ಕಿ ಗಿರಣಿ: ತೌಡಿನ ಧೂಳಿನಲ್ಲಿ ಎಣ್ಣೆಯ ಅಂಶವಿರುವುದರಿಂದ ನೆಲ ಜಾರುತ್ತದೆ, ಆಳವಾದ ಗೀರುಗಳುಳ್ಳ ಅಡಿಭಾಗ ಅಗತ್ಯ. ಭತ್ತ ಬೇಯಿಸುವ ವಿಭಾಗದಲ್ಲಿ ಬಿಸಿನೀರು, ಹಬೆ ಇರುವುದರಿಂದ ಕ್ಲಾಗ್ ಸಲ್ಲದು, ಉದ್ದನೆಯ ಗಮ್‌ಬೂಟು ಬೇಕು. ಚೀಲ ಹೊತ್ತು ಹಲಗೆ ಹತ್ತುವ ಹಮಾಲರಿಗೂ ಸಡಿಲವಾದ ಕ್ಲಾಗ್ ಅಪಾಯಕಾರಿ. ಹಿಮ್ಮಡಿ ಮುಚ್ಚಿ ಬಿಗಿಯಾಗಿ ಕೂಡುವ ಬೂಟು ಕೊಡಬೇಕು.

3. ಕಬ್ಬಿಣ, ಫೌಂಡ್ರಿ, ಫ್ಯಾಬ್ರಿಕೇಶನ್: ಇಲ್ಲಿ ಕ್ಲಾಗ್‌ನ ಮಾತೇ ಇಲ್ಲ. ಐ.ಎಸ್. 15298 ಮಾನಕದ ಐ.ಎಸ್.ಐ. ಗುರುತುಳ್ಳ ಸುರಕ್ಷಾ ಬೂಟನ್ನೇ ಖರೀದಿಸಬೇಕು. ಇದರ ಭಾಗ 2ರ ಬೂಟಿನ ಬೆರಳ ಕವಚವು 200 ಜೂಲ್ ಹೊಡೆತವನ್ನೂ, ಭಾಗ 3ರದ್ದು 100 ಜೂಲ್ ಹೊಡೆತವನ್ನೂ ತಡೆಯುವಂತಿರಬೇಕು. ಭಾಗ 4ರ ಬೂಟಿಗೆ ಬೆರಳ ಕವಚದ ಕಡ್ಡಾಯವಿಲ್ಲ. ದರ ಕಡಿಮೆಯೆಂದು ಒಂದರ ಬದಲು ಇನ್ನೊಂದನ್ನು ತರದಂತೆ ಖರೀದಿ ಗುಮಾಸ್ತರಿಗೆ ತಿಳಿಸಿರಬೇಕು.

ಅಳತೆಯನ್ನು ಸಂಜೆಯ ಹೊತ್ತಿಗೆ ನೋಡುವುದು ಲೇಸು, ಏಕೆಂದರೆ ದಿನವಿಡೀ ನಿಂತ ಪಾದ ಕೊಂಚ ಊದಿರುತ್ತದೆ. ಬೆರಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಲಿ. ಬರಿಗಾಲಿನಲ್ಲಿ ನಡೆದು ಬೆಳೆದವರ ಪಾದ ಅಗಲವಾಗಿರುವುದುಂಟು; ಆದುದರಿಂದ ಒಂದೇ ಅಳತೆಯ ಗಂಟು ಖರೀದಿ ಮಾಡದೆ ಪ್ರತಿಯೊಬ್ಬರಿಗೂ ಹಾಕಿಸಿ ನೋಡಬೇಕು. ಮಧುಮೇಹಿಗಳಿಗೆ ಗಾಯದ ಅರಿವು ತಡವಾಗಿ ಆಗುವುದರಿಂದ ಕಲ್ಲು, ತೌಡು ಒಳಹೋಗುವ ರಂಧ್ರದ ಪಾದರಕ್ಷೆ ಬೇಡ.

ವೆಚ್ಚದ ಲೆಕ್ಕ

ಉದಾಹರಣೆಗೆ, 200 ರೂಪಾಯಿಯ ಚಪ್ಪಲಿ ಮೂರು ತಿಂಗಳು ಬಾಳಿದರೆ ವರ್ಷಕ್ಕೆ 800 ರೂಪಾಯಿ ಆಗುತ್ತದೆ. 900 ರೂಪಾಯಿಯ ಕ್ಲಾಗ್ ಹದಿನೈದು ತಿಂಗಳು ಬಾಳಿದರೆ ವರ್ಷಕ್ಕೆ 720 ರೂಪಾಯಿ ಮಾತ್ರ. ವರ್ಷಕ್ಕೆ 300 ಕೆಲಸದ ದಿನಗಳೆಂದರೆ ದಿನಕ್ಕೆ 2 ರೂಪಾಯಿ 40 ಪೈಸೆ. ಒಬ್ಬ ಕಾರ್ಮಿಕ ಜಾರಿಬಿದ್ದು ಒಂದು ವಾರ ಗೈರುಹಾಜರಾದರೆ ಆಗುವ ನಷ್ಟದ ಮುಂದೆ ಇದು ಎಷ್ಟರದು ಎಂಬುದನ್ನು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಬಾಳಿಕೆಯ ಅವಧಿಯನ್ನು ಮಾರಾಟಗಾರನ ಮಾತಿನಿಂದಲ್ಲ, ಮೊದಲು ನಾಲ್ಕೈದು ಜೊತೆ ತಂದು ಬಳಸಿ ನೋಡಿಯೇ ನಿರ್ಧರಿಸುವುದು ಯೋಗ್ಯ.

ತೆರಿಗೆಯ ವಿಚಾರ

2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿ.ಎಸ್.ಟಿ. ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18. ಅದಕ್ಕೆ ಮೊದಲು 1,000 ರೂಪಾಯಿವರೆಗೆ ಶೇ. 12, ಮೇಲ್ಪಟ್ಟದ್ದಕ್ಕೆ ಶೇ. 18 ಇತ್ತು. ಆದುದರಿಂದ 1,800 ರೂಪಾಯಿ ಮೂಲ ಬೆಲೆಯ ಬೂಟಿನ ತೆರಿಗೆ 324 ರೂಪಾಯಿಯಿಂದ 90 ರೂಪಾಯಿಗೆ ಇಳಿದಿದೆ. ನಲವತ್ತು ಕಾರ್ಮಿಕರಿಗೆ ಕೊಂಡರೆ 9,360 ರೂಪಾಯಿ ವ್ಯತ್ಯಾಸ.

ಈ ವ್ಯತ್ಯಾಸವು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ತೆರಿಗೆಗೊಳಪಟ್ಟ ಸರಕು ತಯಾರಿಸುವ ಕಾರ್ಖಾನೆಯು ಈ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯುತ್ತದೆ. ತೆರಿಗೆ ವಿನಾಯಿತಿಯುಳ್ಳ ಬಿಡಿ ಅಕ್ಕಿಯನ್ನಷ್ಟೇ ಮಾರುವ ಗಿರಣಿಗೆ ಆ ಜಮೆ ಇಲ್ಲ. ಪೂರ್ವಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಚೀಲವನ್ನೂ ಮಾರುತ್ತಿದ್ದರೆ ವಹಿವಾಟಿನ ಪ್ರಮಾಣಕ್ಕೆ ತಕ್ಕಷ್ಟೇ ಜಮೆ. ಕಂಪೋಸಿಶನ್ ಯೋಜನೆಯ ಅಂಗಡಿಕಾರರಿಗೂ ಜಮೆ ಇಲ್ಲ. ಇಂಥವರಿಗೆ ದರ ಇಳಿಕೆಯು ನೇರ ಉಳಿತಾಯವೇ ಸರಿ.

ಉಡುಗೊರೆಯಾಗಿ ಕೊಟ್ಟ ಸರಕಿಗೆ ಜಮೆ ನಿಷಿದ್ಧ. ಆದುದರಿಂದ ಇದು ಹಬ್ಬದ ಕಾಣಿಕೆಯಲ್ಲ, ಕೆಲಸಕ್ಕಾಗಿ ನೀಡಿದ್ದು ಎಂದು ದಾಖಲೆ ತೋರಿಸಬೇಕು. ಜಿ.ಎಸ್.ಟಿ. ಸಂಖ್ಯೆ ಇರುವ ಬಿಲ್ಲು, ದಿನಾಂಕ, ಅಳತೆ ಮತ್ತು ಸಹಿ ಅಥವಾ ಹೆಬ್ಬೆಟ್ಟಿನ ಗುರುತುಳ್ಳ ವಿತರಣಾ ವಹಿ, ಇಷ್ಟು ಸಾಕು. ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚೆಂದು ತೋರಿಸಲೂ ಇದೇ ಆಧಾರ.

ಸಂಬಳದಿಂದ ಮುರಿಯಬಹುದೇ?

ಕೂಡದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರ ಮೇರೆಗೆ, ಸುರಕ್ಷತೆ ಹಾಗೂ ಆರೋಗ್ಯಕ್ಕಾಗಿ ಒದಗಿಸಿದ ಯಾವುದಕ್ಕೂ ಕಾರ್ಮಿಕನಿಂದ ಹಣ ವಸೂಲು ಮಾಡುವಂತಿಲ್ಲ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಈ ಸಂಹಿತೆ ಅನ್ವಯಿಸುತ್ತದೆ. ಬೂಟಿನ ಹಣವನ್ನು ಕಂತಿನಲ್ಲಿ ಮುರಿದುಕೊಳ್ಳುವ ರೂಢಿಯಿದ್ದರೆ ಈ ತಿಂಗಳಿನ ಪಗಾರದಿಂದಲೇ ನಿಲ್ಲಿಸುವುದು ಕ್ಷೇಮ.

ಸದಸ್ಯರು ತಮ್ಮ ಘಟಕದ ಪ್ರತಿಯೊಂದು ವಿಭಾಗದ ನೆಲವನ್ನು ಒಮ್ಮೆ ತಾವೇ ನಡೆದು ನೋಡಿ, ಎಲ್ಲಿ ನೀರು, ಎಲ್ಲಿ ಬಿಸಿ, ಎಲ್ಲಿ ಭಾರ ಎಂದು ಪಟ್ಟಿ ಮಾಡಿ, ಅದರಂತೆ ಖರೀದಿಸಬೇಕೆಂದು ವಿನಂತಿ. ಹೊಸ ವರ್ಷದ ಲೆಕ್ಕದಲ್ಲಿ ಇದಕ್ಕೊಂದು ಪ್ರತ್ಯೇಕ ಖಾತೆ ತೆರೆದರೆ ವರ್ಷಾಂತ್ಯದಲ್ಲಿ ಲಾಭ ನಷ್ಟ ತಾನಾಗಿಯೇ ಕಾಣುತ್ತದೆ.